ಕೂಸಿನ ಬ್ಲಡ್ ಕಲ್ಚರ್: ಒಂದು ಮಿಲಿ ರಕ್ತದ ಲೆಕ್ಕ

ಬ್ಲಡ್ ಕಲ್ಚರ್ ಎಂದರೆ ರಕ್ತವನ್ನು ಬಾಟಲಿಗೆ ಹಾಕಿ, ಅದರಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ. ಬೆಳೆಸಲು ಬಳಸುವ ಮೀಡಿಯಾಗಳ ಹೆಸರು ಬಾಯಿಪಾಠ ಮಾಡುವ ಮೊದಲು ಈ ಲೆಕ್ಕ ತಲೆಗೆ ಹತ್ತಲಿ. ಸೋಂಕು ತಗುಲಿದ ನವಜಾತ ಶಿಶುವಿನ ರಕ್ತದಲ್ಲೂ ಬ್ಯಾಕ್ಟೀರಿಯಾ ಎಷ್ಟೋ ಸಲ ಬಲು ವಿರಳ. ಮಿಲಿಗೆ ಒಂದೇ ಇದೆ ಎಂದಿಟ್ಟುಕೊಳ್ಳಿ. ಅರ್ಧ ಮಿಲಿ ರಕ್ತ ಹಾಕಿದರೆ ಬಾಟಲಿಗೆ ಒಂದಾದರೂ ಬೀಳುವ ಸಾಧ್ಯತೆ ಸುಮಾರು 39%, 1 ಮಿಲಿಗೆ 63%, 2 ಮಿಲಿಗೆ 86%. ಕಡಿಮೆ ರಕ್ತ ಹಾಕಿ ‘ಬೆಳವಣಿಗೆ ಇಲ್ಲ’ ಎಂದು ವರದಿ ಕೊಟ್ಟರೆ ಸೋಂಕು ಕೂಸಿನ ಮೈಯಲ್ಲೇ ಉಳಿಯುತ್ತದೆ. ಹಾಗಂತ ಬೇಕಾದಷ್ಟು ಎಳೆಯುವಂತಿಲ್ಲ: ಕಿಲೋ ತೂಕದ ಕೂಸಿಗೆ ಇರುವುದೇ 80–90 ಮಿಲಿ. ಆದರೂ 1 ಮಿಲಿಗಿಂತ ಕಡಿಮೆಗೆ ಒಪ್ಪಬೇಡಿ.

ರಕ್ತ ತೆಗೆಯುವುದು ಆ್ಯಂಟಿಬಯೋಟಿಕ್ ಶುರುವಾಗುವ ಮೊದಲು, ಹೊಸದಾಗಿ ಚುಚ್ಚಿದ ರಕ್ತನಾಳದಿಂದ. ಮೊದಲೇ ಹಾಕಿಟ್ಟ ಕೊಳವೆಯಿಂದ, ಅಂದರೆ ಹಳೆಯ ಕ್ಯಾನುಲಾದಿಂದ ಬೇಡ. ಚರ್ಮಕ್ಕೆ ಸ್ಪಿರಿಟ್, ಆಮೇಲೆ ಪೊವಿಡೋನ್ ಅಯೋಡಿನ್. ಅಯೋಡಿನ್ ಒಣಗಲು ಒಂದು ನಿಮಿಷ ಬಿಡಿ. ಕೆಲಸ ಮಾಡುವುದು ಆ ನಿಮಿಷದಲ್ಲೇ. ಮುಗಿದ ಮೇಲೆ ಒರೆಸಿ ತೆಗೆಯಿರಿ, ಕೂಸಿನ ಚರ್ಮ ಅಯೋಡಿನ್ ಹೀರಿಕೊಂಡರೆ ಥೈರಾಯ್ಡ್‌ಗೆ ತೊಂದರೆ. ಬಾಟಲಿಯ ರಬ್ಬರ್ ಮುಚ್ಚಳಕ್ಕೆ ಸ್ಪಿರಿಟ್ ಮಾತ್ರ. ಮೊದಲು ಕಲ್ಚರ್ ಬಾಟಲಿ ತುಂಬಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬು ಆಮೇಲೆ.

ತುಂಬಿದ ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬೇಡಿ. ತಂಪಿಗೆ ಸಾಯುವ ಬ್ಯಾಕ್ಟೀರಿಯಾ ಇವೆ. ‘ರೂಮ್ ಟೆಂಪರೇಚರ್’ ಎಂದು ಪುಸ್ತಕ ಹೇಳುವುದು 20–25 ಡಿಗ್ರಿಗೆ. ಕಲಬುರಗಿ, ಯಾದಗಿರಿಯ ಮೇ ತಿಂಗಳ ಬಿಸಿಲು 40 ದಾಟುತ್ತದೆ. ಚಿಂಚೋಳಿಯಿಂದಲೋ ಸುರಪುರದಿಂದಲೋ ಬೈಕಿನ ಡಿಕ್ಕಿಯಲ್ಲಿ ಬಂದ ಬಾಟಲಿಯಲ್ಲಿ ದಾರಿಯಲ್ಲೇ ಬೆಳವಣಿಗೆ ಶುರುವಾಗಿರಬಹುದು. ಕಲ್ಚರ್ ಬಾಟಲಿಗಳನ್ನು ಕಾಯುವ ಯಂತ್ರ ಹಿಡಿಯುವುದು ಬ್ಯಾಕ್ಟೀರಿಯಾ ಬಿಡುವ ಇಂಗಾಲದ ಡೈಆಕ್ಸೈಡ್‌ನ ಏರಿಕೆಯನ್ನು. ಒಳಗಿಡುವ ಮೊದಲೇ ಏರಿಕೆ ಮುಗಿದಿದ್ದರೆ ಅದು ಗಂಟೆ ಬಾರಿಸುವುದಿಲ್ಲ. ಹೊರಗೆ ತಡವಾದ ಬಾಟಲಿ ಬಂದರೆ ಗ್ರಾಂ ಸ್ಟೇನ್ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು), ಸಬ್‌ಕಲ್ಚರ್ (ಒಂದಿಷ್ಟು ತೆಗೆದು ಬೇರೆ ತಟ್ಟೆಯಲ್ಲಿ ಬೆಳೆಸುವುದು) ಮಾಡಿಬಿಡಿ.

ಯಂತ್ರವಿಲ್ಲದ ಲ್ಯಾಬಿನಲ್ಲಿ ಬ್ರೈನ್ ಹಾರ್ಟ್ ಇನ್‌ಫ್ಯೂಶನ್ ಬ್ರಾತ್ ಎಂಬ ಪೋಷಕ ದ್ರವ. 1 ಮಿಲಿ ರಕ್ತಕ್ಕೆ 5ರಿಂದ 10 ಮಿಲಿ, 37 ಡಿಗ್ರಿ. ದಿನವೂ ಬೆಳಕಿಗೆ ಹಿಡಿದು ನೋಡಿ: ಕದಡಿದೆಯೇ, ಗುಳ್ಳೆ ಎದ್ದಿದೆಯೇ, ರಕ್ತದ ಪದರದ ಮೇಲಿನ ದ್ರವ ಕೆಂಪಾಗಿದೆಯೇ? ತಿಳಿಯಾಗಿ ಕಂಡರೂ ನಂಬಬೇಡಿ, 24 ಮತ್ತು 48 ಗಂಟೆಗೆ ಬ್ಲಡ್ ಅಗಾರ್, ಮೆಕಾಂಕಿ ಅಗಾರ್ ತಟ್ಟೆಗಳ ಮೇಲೆ ಗೀರಿ. 7ನೇ ದಿನ ಕೊನೆಯದು.

ಚರ್ಮದ ಮೇಲೆ ಸಾಮಾನ್ಯವಾಗಿ ಇರುವ ಕೊಯಾಗ್ಯುಲೇಸ್ ನೆಗೆಟಿವ್ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಬಂದಾಗ ತಲೆನೋವು. 48 ಗಂಟೆ ಕಳೆದು, ಒಂದೇ ಬಾಟಲಿಯಲ್ಲಿ ಬೆಳೆದಿದ್ದು, ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ ಬಹುಪಾಲು ಚರ್ಮದ್ದೇ. ಅವಧಿಗೆ ಮುನ್ನ ಹುಟ್ಟಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಸೇರಿಸುವ ಕೊಳವೆ) ಹಾಕಿಸಿಕೊಂಡ ಕೂಸಿನಲ್ಲಿ ಅದೇ ನಿಜವಾದ ರೋಗಕಾರಕ ಆಗಿರಬಹುದು. ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಬೆಳೆದರೆ ಚರ್ಮದ್ದಿರಬಹುದು ಎಂಬ ಅನುಮಾನ ಬೇಡ.

ಕಲ್ಚರ್ ಜೊತೆಗೆ ನೋಡುವ ಸಿಆರ್‌ಪಿ (ಸೋಂಕಿದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ಏರಲು ಸೋಂಕಿನ ನಂತರ ಹಲವು ಗಂಟೆ ಬೇಕು. ಮೊದಲ ಸ್ಯಾಂಪಲ್ ನಾರ್ಮಲ್ ಬಂದರೆ 24 ಗಂಟೆಗೆ ಮತ್ತೆ ಮಾಡಿ.

ಗ್ರಾಂ ಸ್ಟೇನ್‌ನಲ್ಲಿ ಏನಾದರೂ ಕಂಡರೆ ಪೂರ್ತಿ ವರದಿಗೆ ಕಾಯದೆ ಆ ಕ್ಷಣವೇ ಎಸ್‌ಎನ್‌ಸಿಯುಗೆ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಫೋನ್ ಮಾಡಿ. ಕೇಳಿಸಿಕೊಂಡವರ ಹೆಸರು, ವೇಳೆ ರಿಜಿಸ್ಟರಿನಲ್ಲಿ ಬರೆಯಿರಿ.