ಆ ಹಕ್ಕಿಗಳ ದನಿ ನಿಜವಾದದ್ದಾ?

ಪ್ರಶ್ನೆ: ಫಿನ್ಲೆಂಡಿನ ಸಂಗೀತ ರಚನೆಕಾರ ರೌತವಾರ ಅವರ ವಾದ್ಯವೃಂದದ ಕೃತಿ ‘ಕ್ಯಾಂಟಸ್ ಆರ್ಕ್ಟಿಕಸ್’ ಕೇಳಿದೆ. ಅದರಲ್ಲಿ ಬರುವ ಹಕ್ಕಿ ದನಿ ನಿಜವಾದದ್ದಾ, ಇಲ್ಲಾ ವಾದ್ಯದ್ದಾ?

ಎರಡೂ ಇದೆ. ಮೊದಲು ಕೇಳಿಸುವುದು ಎರಡು ಫ್ಲೂಟ್. ಒಂದನ್ನೊಂದು ಬಳ್ಳಿಯ ಹಾಗೆ ಸುತ್ತಿಕೊಂಡು ಹೋಗುತ್ತವೆ, ಅದನ್ನೇ ಹಕ್ಕಿ ಅಂದುಕೊಳ್ಳುವಷ್ಟರಲ್ಲಿ ನಿಜವಾದ ಹಕ್ಕಿಗಳು ಶುರು ಮಾಡುತ್ತವೆ. ಅವು ಫಿನ್ಲೆಂಡಿನ ಉತ್ತರ ಭಾಗದಲ್ಲಿ, ಆರ್ಕ್ಟಿಕ್ ವೃತ್ತದ ಬಳಿ ಮತ್ತು ಲಿಮಿಂಕಾದ ಜೌಗು ನೆಲದಲ್ಲಿ ಟೇಪಿಗೆ ಹಿಡಿದ ದನಿಗಳು. 1972ರಲ್ಲಿ ಔಲು ವಿಶ್ವವಿದ್ಯಾಲಯ ತನ್ನ ಪದವಿ ಸಮಾರಂಭಕ್ಕೆಂದು ಹಾಡುಗಾರರಿರುವ ಒಂದು ಕೃತಿ ಕೇಳಿತ್ತು. ರೌತವಾರ ಹಾಡಲು ಹಕ್ಕಿಗಳನ್ನೇ ಕರೆತಂದರು! ಕನ್ಸರ್ಟೊ ಅಂದರೆ ಸಾಮಾನ್ಯವಾಗಿ ಒಂದು ವಾದ್ಯ ಮುಂದೆ ನಿಂತು, ವಾದ್ಯವೃಂದ ಜೊತೆ ಕೊಡುವ ಕೃತಿ. ಇಲ್ಲಿ ಪಿಟೀಲೋ ಪಿಯಾನೋನೋ ಇರಬೇಕಾದ ಜಾಗದಲ್ಲಿ ಹಕ್ಕಿಗಳಿವೆ, ಅದಕ್ಕೇ ಇದನ್ನು ಹಕ್ಕಿಗಳ ಕನ್ಸರ್ಟೊ ಅನ್ನುತ್ತಾರೆ.

ನನಗೆ ಜಾಸ್ತಿ ಇಷ್ಟ ಎರಡನೆಯ ಭಾಗ. ಅಲ್ಲಿರುವುದು ಶೋರ್ ಲಾರ್ಕ್, ಅಂಗೈಯಲ್ಲಿ ಕೂರುವಷ್ಟು ಪುಟ್ಟ ಹಕ್ಕಿ. ಅದರ ಕೂಗನ್ನು ಎರಡು ಸ್ಥಾಯಿ ಕೆಳಗಿಳಿಸಿದ್ದಾರೆ. ಟೇಪನ್ನು ಅರ್ಧ ವೇಗದಲ್ಲಿ ಓಡಿಸಿದರೆ ದನಿ ಒಂದು ಸ್ಥಾಯಿ ಇಳಿಯುತ್ತದೆ, ಕಾಲು ವೇಗಕ್ಕೆ ಎರಡು. ಸಣ್ಣ ಚಿಲಿಪಿಲಿ ಹೋಗಿ, ಯಾವುದೋ ದೊಡ್ಡ ಪ್ರಾಣಿ ದೂರದಲ್ಲಿ ನರಳಿದ ಹಾಗೆ ಕೇಳಿಸುತ್ತದೆ. ಹಕ್ಕಿ ನಿಜ, ದನಿ ಮಾತ್ರ ದೆವ್ವದ್ದು.

ಇಂಥ ಕೃತಿ ಬರೆದವರು ಮೊದಲಿಂದ ಪ್ರಕೃತಿ ಪ್ರಕೃತಿ ಅಂತ ಕೂತವರಲ್ಲ. ಐನೊಯುಹಾನಿ ರೌತವಾರ ಹುಟ್ಟಿದ್ದು 1928ರಲ್ಲಿ, ಹೆಲ್ಸಿಂಕಿಯಲ್ಲಿ. 1955ರಲ್ಲಿ ಅಮೆರಿಕದಲ್ಲಿ ಓದಲು ಒಬ್ಬ ಯುವಕನನ್ನು ಆರಿಸಿ ಅಂದಾಗ ಫಿನ್ಲೆಂಡಿನ ಹೆಸರಾಂತ ರಚನೆಕಾರ, ಮುದುಕ ಸಿಬೇಲಿಯಸ್ ತೋರಿಸಿದ್ದು ಇವರನ್ನೇ. ಆಮೇಲೆ ಕೆಲವು ವರ್ಷ ಹನ್ನೆರಡು ಸ್ವರಗಳನ್ನು ಲೆಕ್ಕ ಹಾಕಿ ಜೋಡಿಸುವ ಕಟ್ಟುನಿಟ್ಟಿನ ಪದ್ಧತಿ ಹಿಡಿದರು. ನಾಲ್ಕನೆಯ ಸಿಂಫನಿಯಲ್ಲಿ ಆ ಲೆಕ್ಕ ತುತ್ತತುದಿಗೆ ಹೋಯಿತು (ಸುಮ್ನೆ ಕೇಳೋಕೆ ಕಷ್ಟ, ನಿಜ ಹೇಳಬೇಕೆಂದರೆ). ಅಲ್ಲಿಂದ ಇಳಿದು ಬಂದದ್ದು ನೀವು ಕೇಳಿದ ಈ ಮೆದು, ಮಂಜು ಮುಸುಕಿದಂಥ ಶೈಲಿಗೆ. 1994ರ ಏಳನೆಯ ಸಿಂಫನಿ ‘ಏಂಜಲ್ ಆಫ್ ಲೈಟ್’ ಕೂಡ ಇದೇ ದಾರಿಯದು. 2016ರಲ್ಲಿ ತೀರಿಕೊಂಡರು.

ಇನ್ನೊಮ್ಮೆ ಕೇಳುವುದಾದರೆ ಹೆಡ್‌ಫೋನ್ ಹಾಕಿಕೊಂಡು ಕೊನೆಯ ಭಾಗ ಕೇಳಿ. ಅಲ್ಲಿ ಹಂಸಗಳು ವಲಸೆ ಹೊರಟಿವೆ. ವಾದ್ಯಗಳೂ ನಾಲ್ಕು ಗುಂಪಾಗಿ, ತಾಳ ಅಷ್ಟಾಗಿ ಕೂಡಿಸದೆ ಹಿಂಡಿನ ಹಾಗೇ ಹೋಗುತ್ತವೆ. ಗದ್ದಲ ಏರಿ ಏರಿ, ಆಮೇಲೆ ಹಂಸಗಳೂ ವಾದ್ಯಗಳೂ ಒಟ್ಟಿಗೇ ದೂರವಾಗುತ್ತಾ ಕರಗುತ್ತವೆ.