ಹಾಲುಹಲ್ಲು ಮತ್ತು ರಾತ್ರಿಯ ಬಾಟಲಿ: ಒಂದು ಟಿಪ್ಪಣಿ

ಮಂಜೇಶ್ವರ, ಕುಂಬಳೆ ಕಡೆ ಅಂಗನವಾಡಿ ಕೆಲಸಕ್ಕೆ ಓದುತ್ತಿರುವವರಿಗೆ ಈ ಟಿಪ್ಪಣಿ. ಇದರಲ್ಲಿ ಬಾಯಿಪಾಠ ಮಾಡಬೇಕಾದ್ದು ಸ್ವಲ್ಪವೇ. ಹಾಲುಹಲ್ಲು ಒಟ್ಟು 20. ಸುಮಾರು 6 ತಿಂಗಳಿಗೆ ಕೆಳಗಿನ ಎರಡು ಮುಂದಿನ ಹಲ್ಲು ಬರುತ್ತವೆ. ಮೂರು ವರ್ಷದೊಳಗೆ ಸಾಮಾನ್ಯವಾಗಿ ಎಲ್ಲವೂ ಬಂದಿರುತ್ತವೆ.

ಯೋಚಿಸಬೇಕಾದ ಪ್ರಶ್ನೆ ಬೇರೆ. ಮೊದಲು ಹುಟ್ಟುವುದು ಕೆಳಗಿನ ಹಲ್ಲು, ಆದರೆ ಹುಳುಕು ಮೊದಲು ಹಿಡಿಯುವುದು ಮೇಲಿನ ಮುಂದಿನ ಹಲ್ಲಿಗೆ. ಯಾಕೆ?

ಮಗು ಬಾಟಲಿ ಚೀಪುತ್ತಲೇ ನಿದ್ದೆಹೋಯಿತು ಅನ್ನಿ. ನಾಲಿಗೆ ಕೆಳಗಿನ ಹಲ್ಲನ್ನು ಮುಚ್ಚಿಕೊಂಡಿರುತ್ತದೆ, ಜೊಲ್ಲು ಬರುವ ಜಾಗವೂ ಅಲ್ಲೇ ಹತ್ತಿರ. ಹಾಲು ನಿಲ್ಲುವುದು ಮೇಲಿನ ಹಲ್ಲಿನ ಸುತ್ತ. ನಿದ್ದೆಯಲ್ಲಿ ಜೊಲ್ಲೂ ಕಡಿಮೆ, ನುಂಗುವುದೂ ಕಡಿಮೆ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತದೆ, ತೊಳೆಯಲು ಏನೂ ಇಲ್ಲ. ಹಾಲುಹಲ್ಲಿನ ಎನಾಮಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ಬೇರೆ ತೆಳು. ಹಾಲಿಗೆ ಸಕ್ಕರೆ ಹಾಕಿದ್ದರಂತೂ ಕೇಳುವುದೇ ಬೇಡ.

ನಮ್ಮ ಕಡೆ ಮಕ್ಕಳಿಗೆ ಕೊಡುವ ರಾಗಿ ಮಣ್ಣಿ ಎಂಬ ತಿನಿಸಿಗೆ ಬೆಲ್ಲ ಹಾಕುವುದು ರೂಢಿ. ಬೆಲ್ಲ ಒಳ್ಳೆಯದು ಅಂತ ಅಜ್ಜಿಯಂದಿರು ಹೇಳಬಹುದು, ಆದರೆ ಬ್ಯಾಕ್ಟೀರಿಯಾಕ್ಕೆ ಅದೂ ಸಕ್ಕರೆಯೇ. ಅಂಗನವಾಡಿಯಿಂದ ಚಿಕ್ಕ ಮಕ್ಕಳಿಗೆ ಕೊಡುವ ಪೌಷ್ಟಿಕ ಆಹಾರವಾದ ಅಮೃತಂ ಪುಡಿಯಲ್ಲಿ ಸಕ್ಕರೆ ಮೊದಲೇ ಇರುತ್ತದೆ, ಮೇಲಿಂದ ಮತ್ತೆ ಸಿಹಿ ಬೇಡ. ಪುಡಿ ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ. ತಿಂದಾದ ಮೇಲೆ ನೀರು ಕುಡಿಸಿ, ರಾತ್ರಿ ಮಲಗುವ ಮುಂಚೆ ಹಲ್ಲುಜ್ಜಿಸಿ.

ಪರೀಕ್ಷೆ ಮಾಡುವುದು ಸುಲಭ. ಮಗುವನ್ನು ಮಡಿಲಲ್ಲಿ ಮಲಗಿಸಿ, ಬೆರಳಿನಿಂದ ಮೇಲಿನ ತುಟಿ ಎತ್ತಿ. ಹಲ್ಲನ್ನು ಬಟ್ಟೆಯಿಂದ ಒರೆಸಿಯೇ ನೋಡಬೇಕು, ಒದ್ದೆ ಇದ್ದರೆ ಕಾಣುವುದಿಲ್ಲ. ಒಸಡಿನ ಅಂಚಿಗೆ ಸುಣ್ಣದ ಗೆರೆಯಂಥ ಬಿಳಿ ಕಂಡರೆ ಅದು ಹುಳುಕಿನ ಆರಂಭ. ಈ ಹಂತದಲ್ಲಿ ಫ್ಲೋರೈಡ್ (ಎನಾಮಲ್ ಗಟ್ಟಿ ಮಾಡುವ ಖನಿಜ) ಮತ್ತು ಒಳ್ಳೆಯ ಉಜ್ಜುವಿಕೆಯಿಂದ ಸರಿಯಾಗಬಹುದು. ತೂತು ಬಿದ್ದ ಮೇಲೆ ತಾನಾಗಿ ಮುಚ್ಚುವುದಿಲ್ಲ.

ಫ್ಲೋರೈಡ್ ಪೇಸ್ಟ್ 3 ವರ್ಷದವರೆಗೆ ಅಕ್ಕಿಕಾಳಿನಷ್ಟು, 3ರಿಂದ 6ರವರೆಗೆ ಬಟಾಣಿಯಷ್ಟು. ಉಜ್ಜಬೇಕಾದವರು ದೊಡ್ಡವರು. ಮಗು ಸುಮ್ನೆ ಬ್ರಷ್ ಕಚ್ಚುವುದು ಲೆಕ್ಕಕ್ಕಿಲ್ಲ. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಬೇಕು.

"ಹೇಗೂ ಬೀಳುವ ಹಲ್ಲಲ್ವಾ?" ಅಂತ ಮನೆಯವರು ಕೇಳಿಯೇ ಕೇಳುತ್ತಾರೆ. ಮುಂದಿನವು 6-8 ವರ್ಷಕ್ಕೆ ಬೀಳುತ್ತವೆ, ನಿಜ. ಹಿಂದಿನ ದವಡೆಯ ಹಾಲುಹಲ್ಲು 10-12 ವರ್ಷದವರೆಗೂ ಅಗಿಯಲು ಬೇಕು. ಅವು ಬೇಗ ಹೋದರೆ ಪಕ್ಕದ ಹಲ್ಲು ವಾಲಿ, ಹೊಸದಕ್ಕೆ ಜಾಗ ಸಾಲುವುದಿಲ್ಲ. ಇನ್ನೊಂದು ವಿಷಯ: ಸುಮಾರು 6ನೇ ವರ್ಷಕ್ಕೆ ಎಲ್ಲಕ್ಕಿಂತ ಹಿಂದೆ, ಮೇಲೆ-ಕೆಳಗೆ ಎರಡೂ ಬದಿಗೆ ಒಂದೊಂದು ದವಡೆಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲು ಅಂದುಕೊಳ್ಳುವವರು ಜಾಸ್ತಿ. ಅದು ಶಾಶ್ವತ ಹಲ್ಲು.