ಡುಂಕೆಲ್‌ನಲ್ಲಿ ಬೆಣ್ಣೆ ವಾಸನೆ: ತಣ್ಣಗಿಟ್ಟರೆ ಹೋದೀತೆ?

ಪ್ರಶ್ನೆ: ಜರ್ಮನಿಯಲ್ಲಿದ್ದೇನೆ. ಮನೆಯಲ್ಲೇ 20 ಲೀಟರ್ ಮ್ಯೂನಿಕ್ ಡುಂಕೆಲ್ (ಕಡುಗಂದು ಬಣ್ಣದ ಜರ್ಮನ್ ಬಿಯರ್) ಮಾಡಿದೆ. 10 ಡಿಗ್ರಿಯಲ್ಲಿ 12 ದಿನ ಹುದುಗಿದೆ. ರುಚಿ ನೋಡಿದರೆ ಬೆಣ್ಣೆ ಬಿಸ್ಕತ್ತಿನ ಹಾಗಿದೆ. ಫ್ರಿಜ್ಜಿನಲ್ಲಿ ತಿಂಗಳು ಬಿಟ್ಟರೆ ಸರಿಹೋಗುತ್ತದೆಯೇ?

ಉತ್ತರ: ಈಗಲೇ ಫ್ರಿಜ್ಜಿಗೆ ಇಡಬೇಡಿ. ಆ ವಾಸನೆ ಡಯಾಸಿಟೈಲ್‌ ಎಂಬ ರಾಸಾಯನಿಕದ್ದು. ಅದಕ್ಕೆ ಕಾರಣ ಯೀಸ್ಟ್, ಅದನ್ನು ತಿಂದು ಮುಗಿಸುವುದೂ ಯೀಸ್ಟೇ. ಆದರೆ ತಂಪಿನಲ್ಲಿ ಅದು ಮಂಕಾಗುತ್ತದೆ, ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ನಾಲಿಗೆಯೊಂದನ್ನೇ ನಂಬಿದರೂ ಮೋಸ ಹೋಗಬಹುದು. ಡಯಾಸಿಟೈಲ್ ಆಗುವ ಮೊದಲಿನ ವಸ್ತುವಿಗೆ ವಾಸನೆಯೇ ಇಲ್ಲ. ಇವತ್ತು ಚೆನ್ನಾಗಿದ್ದ ಬಿಯರ್ ಬಾಟಲಿಗೆ ಹೋದಮೇಲೆ ಬೆಣ್ಣೆಯಾಗುವುದು ಇದರಿಂದಲೇ. ಅದನ್ನು ಹೊರಗೆಳೆಯಲು ಎರಡು ಲೋಟಗಳಿಗೆ ತಲಾ 100 ಮಿ.ಲೀ. ಬಿಯರ್ ಹಾಕಿ ಫಾಯಿಲ್‌ನಿಂದ ಬಿಗಿಯಾಗಿ ಮುಚ್ಚಿ. ಒಂದನ್ನು 65 ಡಿಗ್ರಿ ಬಿಸಿನೀರಿನಲ್ಲಿ 20 ನಿಮಿಷ ಕೂರಿಸಿ, ಆಮೇಲೆ ಇನ್ನೊಂದರಷ್ಟೇ ತಣ್ಣಗೆ ಮಾಡಿ. ಈಗ ಫಾಯಿಲ್ ತೆಗೆದ ತಕ್ಷಣ ಮೂಸಿ. ತಡಮಾಡಿದರೆ ಸುವಾಸನೆ ಹಾರಿಹೋಗುತ್ತದೆ. ಕಾಯಿಸಿದ್ದರಲ್ಲಿ ಮಾತ್ರ ಬೆಣ್ಣೆ ಬಂದರೂ ಬಿಯರ್ ಇನ್ನೂ ಮಾಗಿಲ್ಲ ಎಂದೇ ಲೆಕ್ಕ.

ಹಾಗಿದ್ದರೆ ಪಾತ್ರೆಯನ್ನು 17–18 ಡಿಗ್ರಿಗೆ ಏರಿಸಿ, ಮೂರು ದಿನ ಬಿಟ್ಟು ಮತ್ತೆ ಪರೀಕ್ಷಿಸಿ. ಜೊತೆಗೆ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ನೋಡಿ: 1.050ರಿಂದ ಶುರುವಾದದ್ದು 1.010–1.016ರ ನಡುವೆ ನಿಲ್ಲಬೇಕು. ಯೀಸ್ಟ್ ತಳಕ್ಕೆ ಕೂತು ಏನೂ ಕದಲದಿದ್ದರೆ ಚುರುಕಾಗಿ ಹುದುಗುತ್ತಿರುವ ಹೊಸ ಯೀಸ್ಟ್ ಸ್ವಲ್ಪ ಹಾಕಿ. ಬೆಣ್ಣೆಯ ಜೊತೆ ಹುಳಿಯೂ ಏರುತ್ತಿದ್ದರೆ ಮಾತ್ರ ಬ್ಯಾಕ್ಟೀರಿಯಾ ಸೇರಿರುವ ಸಂಶಯ. ಅದು ಕಾಯುತ್ತಾ ಕೂತರೆ ಹೋಗುವ ದೋಷವಲ್ಲ.

ಎರಡೂ ಲೋಟಗಳಲ್ಲಿ ಬೆಣ್ಣೆ ವಾಸನೆ ಇಲ್ಲವಾದ ಮೇಲೆ ಬಿಯರನ್ನು ದಿನಕ್ಕೆ ಎರಡು ಡಿಗ್ರಿಯಂತೆ 1 ಡಿಗ್ರಿಗೆ ಇಳಿಸಿ ನಾಲ್ಕರಿಂದ ಆರು ವಾರ ಇಡಿ.

ಕೊನೆಗೆ ರುಚಿ ನೋಡುವಾಗ 8–10 ಡಿಗ್ರಿಯಲ್ಲಿ ನೋಡಿ. ಫ್ರಿಜ್ಜಿನಿಂದ ನೇರ ಸುರಿದರೆ ದೋಷವೂ ಗುಣವೂ ಮುಚ್ಚಿಹೋಗುತ್ತದೆ. ಸಿಗಬೇಕಾದ್ದು ಬ್ರೆಡ್ಡಿನ ಕಂದು ಅಂಚಿನ ವಾಸನೆ. ಬೇಯಿಸಿದ ಮುಸುಕಿನ ಜೋಳದ ವಾಸನೆ ಬಂದರೆ ಕುದಿತ ಸಾಲದಾಗಿದೆ ಅಥವಾ ಕುದಿಸುವಾಗ ಮುಚ್ಚಳ ಹಾಕಿದ್ದೀರಿ. ಅಡಿಕೆ ಜಗಿದಂತೆ ಬಾಯಿ ಒಗರಾದರೆ ಕಪ್ಪು ಮಾಲ್ಟಿನ (ಮೊಳಕೆ ಬರಿಸಿ ಕಪ್ಪಗೆ ಹುರಿದ ಧಾನ್ಯ) ಸಿಪ್ಪೆಯ ಮೇಲೆ, ಅಥವಾ ಕಾಳು ತೊಳೆಯಲು ಹಾಕಿದ ನೀರು 77 ಡಿಗ್ರಿ ದಾಟಿತ್ತೇ ಎಂಬುದರ ಮೇಲೆ ಅನುಮಾನಪಡಿ. ಮುಂದಿನ ಸಲ ಸಿಪ್ಪೆ ತೆಗೆದ ಕಪ್ಪು ಮಾಲ್ಟ್ ಆದ ಕರಾಫಾ ಸ್ಪೆಷಲ್ ಬಳಸಿ, ಅದೂ ಒಟ್ಟು ಮಾಲ್ಟಿನ ಶೇ. 2–3ಕ್ಕಿಂತ ಹೆಚ್ಚು ಬೇಡ.